ಹಾಡಿಗೂ ಪ್ರೀಮಿಯಂ ಕಟ್ಟಬೇಕಂತೆ

ಮೊಬೈಲಿನಲ್ಲಿ ಹಾಡು ಕೇಳುವವರ ತಂಟೆಗೇ ಹೋಗಬಾರದೆಂದು ನಾನು ಎಷ್ಟು ಸಲ ತೀರ್ಮಾನ ಮಾಡಿದರೂ ಅವರು ನನ್ನನ್ನು ಹುಡುಕಿಕೊಂಡು ಬರುವುದು ತಪ್ಪಿಲ್ಲ. ಅದಕ್ಕೆಲ್ಲ ಕಾರಣ ಒಂದು ಪದ. ನಾನು ಶಿಕಾರಿಪುರದಲ್ಲಿ ಜೀವವಿಮೆಯ ಏಜೆಂಟ್. ಸೊರಬದ ಕಡೆಗೂ ಗಿರಾಕಿಗಳಿದ್ದಾರೆ. ಈ ಎರಡು ತಾಲ್ಲೂಕಿನಲ್ಲಿ ಪ್ರೀಮಿಯಂ ಎಂದರೆ ನಾನು, ನಾನೆಂದರೆ ಪ್ರೀಮಿಯಂ. ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡ ಜನ ನಿಂತ ಬಸ್ಸಿನ ಹಿಂದೆ ಮರೆಯಾಗುತ್ತಿದ್ದುದೂ ಆ ಪದದ ಮಹಿಮೆಯಿಂದಲೇ. ಹೀಗಿರುವಾಗ ಹಾಡಿನ ಕಂಪನಿಗಳು ನನ್ನನ್ನು ಒಂದು ಮಾತೂ ಕೇಳದೆ ಆ ಪದವನ್ನು ಎತ್ತಿಕೊಂಡು ಹೋದವು.

ನಮ್ಮ ಕಸುಬಿಗೆ ಬಂಡವಾಳವೆಂದರೆ ಜನರ ನಂಬಿಕೆ ಒಂದೇ. "ಏಜೆಂಟ್ರು ಹೇಳಿದ ಮೇಲೆ ಮುಗೀತು" ಎನ್ನುವ ಮಾತು ನಿಂತುಹೋದರೆ ನಾನು ಮನೆಯಲ್ಲಿ ಕೂರಬೇಕಾದೀತು. ಆ ನಂಬಿಕೆ ಈಗ ಹಾಡುಗಳ ಕೈಗೆ ಸಿಕ್ಕಿಬಿದ್ದಿದೆ. ಹೇಗೆ ಬಿಡಿಸಿಕೊಳ್ಳಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಮುಗಿದದ್ದು ಯಾವುದು?

ಮೊದಲು ಬಂದವರು ಪೇಟೆಯ ಬಟ್ಟೆ ಅಂಗಡಿ ಸಾಹುಕಾರರು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೊರಗೆ ಬಂದರೆ ಗೇಟಿನ ಬಳಿ ಮೊಬೈಲು ಚಾಚಿಕೊಂಡು ನಿಂತಿದ್ದಾರೆ. ಮುಖ ಬಿಳಿಚಿಕೊಂಡಿದೆ.

"ಏನ್ರೀ ಏಜೆಂಟ್ರೇ, ನನ್ನ ಪ್ರೀಮಿಯಂ ಮುಗ್ದೈತಿ ಅಂತ ಮೆಸೇಜ್ ಬಂದೈತಲ್ರೀ. ಈ ವರ್ಷದ್ದು ನಿಮ್ ಕೈಯಾಗೇ ಕೊಟ್ಟೀನಿ."

ಕಾಫಿ ಲೋಟವನ್ನು ಕಟ್ಟೆಯ ಮೇಲಿಟ್ಟೆ. ಒಳಗೆ ಓಡಿ ಕಂಪ್ಯೂಟರಿನಲ್ಲಿ ನೋಡಿದೆ, ಕಂತು ಕಟ್ಟಿದೆ. ಕಚೇರಿಗೆ ಫೋನ್ ಮಾಡಿದೆ, ಪಾಲಿಸಿ ಗಟ್ಟಿಮುಟ್ಟಾಗಿದೆ ಎಂದರು. ಸಾಹುಕಾರರಂತೂ ನನ್ನನ್ನು ಕಳ್ಳನನ್ನು ನೋಡುವ ಹಾಗೆ ನೋಡುತ್ತಿದ್ದರು. ಕೊನೆಗೆ ಕನ್ನಡಕ ಹಾಕಿಕೊಂಡು ಆ ಮೆಸೇಜನ್ನೇ ಓದಿದೆ. ಅದು ಹಾಡಿನ ಆ್ಯಪಿನದು. ಬಿಟ್ಟಿ ಸಿಗುತ್ತದೆಂದು ಇವರು ಯಾವಾಗಲೋ ಒತ್ತಿದ್ದಾರೆ, ಆ ಬಿಟ್ಟಿಯ ಅವಧಿ ಮುಗಿದಿದೆ.

"ಇದು ಜೀವದ್ದಲ್ಲ ಸಾಹುಕಾರ್ರೇ, ಹಾಡಿನದು" ಎಂದೆ.

"ಹಾಡಿಗ್ಯಾಕ್ರೀ ಪ್ರೀಮಿಯಂ? ಹಾಡೇನು ಸಾಯ್ತೈತಾ?"

ಈ ಪ್ರಶ್ನೆಗೆ ಉತ್ತರವನ್ನು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ. ಕಟ್ಟಿದರೆ ಹಾಡಿನ ನಡುವೆ ಜಾಹೀರಾತು ಬರುವುದಿಲ್ಲ, ಕಟ್ಟದಿದ್ದರೆ ಬರುತ್ತದೆ, ಅಷ್ಟೇ ವ್ಯತ್ಯಾಸ ಎಂದು ನನಗೆ ತಿಳಿದಷ್ಟನ್ನು ಹೇಳಿದೆ. ಸಾಹುಕಾರರು ಮೊಬೈಲನ್ನು ಜೇಬಿಗೆ ಹಾಕಿಕೊಂಡರು.

"ಅಂದ್ರ, ಅವ್ರು ಪ್ರೀಮಿಯಂ ಇಸ್ಕೊಂಡ ಮ್ಯಾಲೆ ಸುಮ್ನಿರ್ತಾರ. ನಿಮಗೂ ಪ್ರೀಮಿಯಂ ಕಟ್ತೀನಲ್ರೀ, ನೀವ್ಯಾಕ ತಿಂಗಳಿಗೊಮ್ಮೆ ಮನಿಗೆ ಬಂದು ಇನ್ನೊಂದು ಪಾಲಿಸಿ ಮಾಡ್ಸ್ರಿ, ಇನ್ನೊಂದು ಪಾಲಿಸಿ ಮಾಡ್ಸ್ರಿ ಅಂತೀರಿ?"

ಹಾಡಿನ ಪಹಣಿ

ಸೊರಬದ ಕಡೆಯ ಜಡೆ ಎಂಬ ಊರಿನಲ್ಲಿ ನನಗೆ ಬಹಳ ಬೇಕಾದ ಗಿರಾಕಿಯೊಬ್ಬರಿದ್ದಾರೆ. ಗ್ರಾಮಲೆಕ್ಕಿಗರಾಗಿದ್ದು ನಿವೃತ್ತರಾದವರು. ಅವರ ಬಾಯಲ್ಲಿ ಒಳ್ಳೆಯ ಮಾತು ಬಂದರೆ ಊರಿಗೆ ಊರೇ ಪಾಲಿಸಿ ಮಾಡಿಸುತ್ತದೆ. ಒಂದು ದಿನ ಬಸ್ಸಿಳಿದು ಅವರ ಮನೆಗೆ ಹೋದರೆ ಬೆಂಕಿಪೊಟ್ಟಣದಷ್ಟಿದ್ದ ಒಂದು ಹಾಡಿನ ಪ್ಲೇಯರನ್ನು ನನ್ನ ಮುಂದಿಟ್ಟರು. ಅದು ಕೆಟ್ಟು ಕೂತಿತ್ತು.

"ನೋಡಿ ಮಾರಾಯ್ರೆ, ಇದ್ರಲ್ಲಿದ್ದ ಹಾಡೆಲ್ಲ ನಾನು ಕ್ರಯಕ್ಕೆ ತಗೊಂಡಿದ್ದು. ಇಂಟರ್‌ನೆಟ್ಟಿನ ಅಂಗಡಿಗೆ ಕಾರ್ಡಿಂದ ದುಡ್ಡು ಕೊಟ್ಟಿದೀನಿ. ಈಗ ಹೊಸ ಫೋನಿಗೆ ಹಾಕೋಣ ಅಂದ್ರೆ ಅಂಗಡಿ ಮುಚ್ಚಿದೆಯಂತೆ. ಬಟ್ಟೆ ಅಂಗಡಿ ಮುಚ್ಚಿದ್ರೆ ನಾನು ಉಟ್ಟ ಪಂಚೆ ಬಿಚ್ಕೊಂಡು ಹೋಗ್ತಾರಾ?"

ಅದು ನ್ಯಾಯವೇ. ಅವರ ಫೋನಿನಲ್ಲಿ ಆ ಅಂಗಡಿಯ ಷರತ್ತುಗಳನ್ನು ಹುಡುಕಿ ಓದಿದೆ. ನಮ್ಮ ಪಾಲಿಸಿಯ ಷರತ್ತುಗಳೇ ಜಗತ್ತಿನಲ್ಲಿ ಅತಿ ಸಣ್ಣ ಅಕ್ಷರದವು ಎಂದು ನನಗೊಂದು ಹೆಮ್ಮೆಯಿತ್ತು, ಅದೂ ಅವತ್ತು ಮುರಿಯಿತು. ದುಡ್ಡು ಕೊಟ್ಟದ್ದು ಕೇಳುವ ಅನುಮತಿಗೆ ಮಾತ್ರ, ಹಾಡು ಕಂಪನಿಯದ್ದೇ ಎಂದು ಬರೆದಿತ್ತು. ಹಾಗೆಂದು ಹೇಳಿದೆ.

"ಅಂದ್ರೆ ಹಾಡಿನ ಪಹಣಿ ಈಗ್ಲೂ ಅವರ ಹೆಸರಲ್ಲೇ ಇದೆ."

"ಹಾಗೇ ಕಾಣ್ತದೆ."

"ಖಾತೆ ಬದಲಾವಣೆ ಆಗಿಲ್ಲ."

"ಇಲ್ಲ."

"ಕ್ರಯ ಅಂತ ಬರೆದು ಗೇಣಿಗೆ ಕೊಟ್ಟಿದಾರೆ ಅನ್ನಿ."

ಅವರ ಮುಖ ಅರಳಿತು. ನಿವೃತ್ತಿಯಾದ ಮೇಲೆ ಇಂಥದೊಂದು ತಕರಾರು ಅವರಿಗೆ ಸಿಕ್ಕಿರಲಿಲ್ಲ. "ಗೇಣಿ ಅಂದ್ರೆ ನಂಗೇನೂ ಹೆದರಿಕೆ ಇಲ್ಲ. ಉಳೋನೇ ಒಡೆಯ ಅಂತ ಕಾನೂನು ಬಂದಾಗ ಗೇಣಿ ಮಾಡ್ದೋರು ಡಿಕ್ಲರೇಷನ್ ಹಾಕಿ ಗದ್ದೆ ತಮ್ದೇ ಮಾಡ್ಕೊಂಡಿದ್ದನ್ನ ಕಣ್ಣಾರೆ ಕಂಡೋನು ನಾನು. ಇಷ್ಟು ವರ್ಷ ದಿನಾ ಬೆಳಿಗ್ಗೆ ಈ ಹಾಡು ಕೇಳಿದೀನಿ. ಸ್ವಾಧೀನ ನಂದೇ. ಹಾಡಿಗೆ ಡಿಕ್ಲರೇಷನ್ ಎಲ್ಲಿ ಹಾಕ್ಬೇಕು ಅಂತ ವಿಚಾರಿಸ್ಕೊಂಡು ಬನ್ನಿ."

ಇಲ್ಲವೆಂದರೆ ಊರೇ ಕೈಬಿಟ್ಟು ಹೋಗುತ್ತದೆ. ವಿಚಾರಿಸುತ್ತೇನೆಂದು ಒಪ್ಪಿಕೊಂಡು ಬಂದೆ. ಸೊರಬದಲ್ಲಿ ಜಮೀನಿನ ಕಾಗದಪತ್ರ ಬರೆದುಕೊಡುವ ಪರಿಚಯದವರೊಬ್ಬರಿಗೆ ನಗಲಿ ಎಂದು ಇಡೀ ಕತೆ ಹೇಳಿದೆ. ಅವರು ನಗಲಿಲ್ಲ. ಬರೆಯುತ್ತಿದ್ದ ಕಾಗದದಿಂದ ತಲೆಯೂ ಎತ್ತಲಿಲ್ಲ.

"ಸರ್ವೆ ನಂಬರ್ ಎಷ್ಟು?" ಎಂದು ಕೇಳಿದರು.

ಮೊದಲೇ ಮಂಗಳ

ಅಷ್ಟರಲ್ಲಿ ಹಾಡಿನ ವ್ಯವಹಾರವೆಲ್ಲ ನನಗೆ ಗೊತ್ತೆಂದು ಸುದ್ದಿ ಹಬ್ಬಿತ್ತು. ನಮ್ಮ ಬೀದಿಯ ಭಜನಾ ಮಂಡಳಿಯ ಹಾರ್ಮೋನಿಯಂನವರು ನೆಂಟರ ಮನೆಗೆ ಹೋದ ಒಂದು ಸೋಮವಾರ ಕಾರ್ಯದರ್ಶಿಗಳು ರೇಡಿಯೋದಂಥ ಒಂದು ಹಾಡಿನ ಡಬ್ಬಿ ಹಿಡಿದುಕೊಂಡು ಬಂದರು. "ಇವತ್ತೊಂದಿನ ಇದ್ರಾಗ ನಡ್ಸಿಕೊಡ್ರಿ. ನಾವು ಹಿಂದ ಹಾಡ್ತೀವಿ."

ಮಧ್ಯಾಹ್ನವೆಲ್ಲ ಕೂತು ಹಾಡುಗಳನ್ನು ಸಾಲಾಗಿ ಜೋಡಿಸಿದೆ. ಗಣಪತಿಯದು ಮೊದಲು, ಮಂಗಳಾರತಿಯದು ಕೊನೆಗೆ. ಸಂಜೆ ದೇವಸ್ಥಾನದಲ್ಲಿ ಜನ ಸೇರಿದರು. ಡಬ್ಬಿಯ ಮೇಲೆ ಒಂದನ್ನೊಂದು ಹೆಣೆದುಕೊಂಡ ಎರಡು ಬಾಣದ ಗುರುತಿನ ಗುಂಡಿಯೊಂದಿತ್ತು. ಅದು ಹಾಡುಗಳನ್ನು ಕಲಸುವ ಗುಂಡಿ ಎಂದು ನನಗೇನು ಗೊತ್ತು? ನೋಡಲು ಲಕ್ಷಣವಾಗಿತ್ತು, ಒತ್ತಿದೆ. ಡಬ್ಬಿ ನೇರವಾಗಿ ಮಂಗಳಾರತಿಯನ್ನೇ ಹಾಡಿತು.

ಮಂಗಳ ಕೇಳಿದ ಮೇಲೆ ಕೂತಿರುವುದುಂಟೇ? ಎಲ್ಲರೂ ಎದ್ದು ನಿಂತರು. ಅರ್ಚಕರು ಗಾಬರಿಯಿಂದ ಕರ್ಪೂರ ಹಚ್ಚಿದರು. ಜನ ಆರತಿ ತೆಗೆದುಕೊಂಡು ಪ್ರಸಾದಕ್ಕೆ ಕೈ ಒಡ್ಡಿದರು. ಹಿಂದೆ ಒಲೆಯ ಮೇಲೆ ಇನ್ನೂ ರವೆ ಹುರಿಯುತ್ತಿತ್ತು. "ಕೂತ್ಕೊಳ್ರಿ, ಇನ್ನೂ ಶುರುನೇ ಆಗಿಲ್ಲ" ಎಂದು ನಾನು ಕೈಮುಗಿದೆ. ಮಂಗಳವಾದ ಮೇಲೆ ಮತ್ತೆ ಕೂರುವ ಪದ್ಧತಿಯಿಲ್ಲವೆಂದು ಅರ್ಚಕರೇ ಅಡ್ಡ ಬಂದರು. ಜನ ಬಾಳೆಹಣ್ಣು ಹಿಡಿದು ಮನೆಗೆ ಹೋದರು. ಖಾಲಿ ಜಮಖಾನದ ಮುಂದೆ ಡಬ್ಬಿ ಗಣಪತಿಯನ್ನು ಕರೆಯತೊಡಗಿತು.

ಇನ್ನು ಮುಗಿಯಿತು ನನ್ನ ಮರ್ಯಾದೆ ಎಂದು ಅವತ್ತು ಊಟವೂ ಸೇರಲಿಲ್ಲ. ಆದರೆ ಮುಂದಿನ ಸೋಮವಾರ ಎಂದೂ ಬಾರದ ಗಂಡಸರೆಲ್ಲ ಬಂದು ಕೂತಿದ್ದರು. ಅವರಲ್ಲೊಬ್ಬರು ಮೆಲ್ಲಗೆ ಕಾರ್ಯದರ್ಶಿಗಳನ್ನು ಕೇಳಿದರು: "ಇವತ್ತೂ ಏಜೆಂಟ್ರೇ ಹಾಕ್ತಾರಲ್ರೀ?"

ಪಾಲಾಗದ ಖಾತೆ

ಕುಬಟೂರಿನಲ್ಲಿ ಅಣ್ಣತಮ್ಮಂದಿರಿಬ್ಬರು ಪಾಲಾದರು. ಗದ್ದೆ, ಕೊಟ್ಟಿಗೆ, ಹಂಡೆ, ಒನಕೆ ಎಲ್ಲ ಹಂಚಿದ ಪಂಚರು ಹಾಡಿನ ಆ್ಯಪಿನ ಖಾತೆ ಹಂಚುವುದನ್ನು ಮರೆತರು. ಆ ಖಾತೆ ಒಂದೇ, ಒಂದು ಹೊತ್ತಿಗೆ ಒಂದು ಫೋನಿನಲ್ಲಿ ಮಾತ್ರ ಹಾಡುತ್ತದೆ. ಅಣ್ಣ ಈಚೆ ಮನೆಯಲ್ಲಿ ದೇವರನಾಮ ಹಾಕಿದರೆ ಗೋಡೆಯಾಚೆ ತಮ್ಮನ ಸಿನಿಮಾ ಹಾಡು ನಿಂತುಹೋಗುತ್ತದೆ. ತಮ್ಮ ತಿರುಗಿ ಹಾಕಿದರೆ ಅಣ್ಣನ ದೇವರು ಅರ್ಧಕ್ಕೇ ಮೌನ. ಗದ್ದೆಗೆ ನೀರಿನ ಸರದಿ ಇರುವ ಹಾಗೆ ಹಾಡಿಗೂ ಸರದಿ ಬೇಕೆಂದು ಜಗಳ. ಇಬ್ಬರೂ ನನ್ನ ಗಿರಾಕಿಗಳು. ಒಬ್ಬರಿಗೆ ಅನುಕೂಲ ಮಾಡಿಕೊಟ್ಟರೆ ಇನ್ನೊಬ್ಬರ ಪಾಲಿಸಿ ಹೋಗುತ್ತದೆ.

ಖಾತೆ ಎರಡು ಮಾಡಿಕೊಡುತ್ತೇನೆ ಎಂದು ಫೋನು ಕೈಗೆತ್ತಿಕೊಂಡೆ. ಅಣ್ಣನ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದರು.

"ಹಾಗೇ ಬಿಡಿ ಮಾರಾಯ್ರೆ. ಪಾಲಾದಾಗಿಂದ ಇಬ್ರೂ ಒಂದು ಮಾತೂ ಆಡಿರ್ಲಿಲ್ಲ. ಈಗ ದಿನಾ ಬೇಲಿ ಹತ್ರ ನಿಂತು 'ನಿಂದು ನಿಲ್ಸು' 'ನಿಂದು ನಿಲ್ಸು' ಅಂತ ಬೈದಾಡ್ತಾರೆ. ಮೊನ್ನೆ ಬೈದಾಡೋಕೆ ಹೋದೋರು ಅಲ್ಲೇ ನಿಂತು ಎಲೆಅಡಿಕೆ ಹಾಕ್ಕೊಂಡು ಬಂದ್ರು."

ಫೋನನ್ನು ವಾಪಸು ಕೊಟ್ಟು, ಇದು ನನಗೆ ತಿಳಿಯುವ ವಿಷಯವಲ್ಲ ಎಂದೆ. ಅಂದು ನಾನು ಹೇಳಿದ್ದರಲ್ಲಿ ನಿಜವಾದ ಮಾತು ಅದೊಂದೇ. ಅದನ್ನು ಮಾತ್ರ ಯಾರೂ ನಂಬಲಿಲ್ಲ.

ಗಟ್ಟಿಮೇಳ

ಇಷ್ಟಾದ ಮೇಲಾದರೂ ನಾನು ಸುಮ್ಮನಿರಬೇಕಿತ್ತು. ಸೊರಬದಲ್ಲಿ ನನ್ನ ಅಕ್ಕನ ಮಗಳ ಮದುವೆ. ಗಂಡಿನ ತಂದೆ ಶಿಕಾರಿಪುರದ ವ್ಯಾಪಾರಸ್ಥರು, ಸಿಟ್ಟು ಮೂಗಿನ ತುದಿಯಲ್ಲೇ. ನಿಶ್ಚಿತಾರ್ಥದ ದಿನ ಮಜ್ಜಿಗೆ ಹುಳಿಯಾಗಿದೆಯೆಂದು ಎದ್ದು ಹೊರಟಿದ್ದವರನ್ನು ಹಿಡಿದು ಕೂರಿಸುವಷ್ಟರಲ್ಲಿ ಭಾವ ಬೆವೆತುಹೋಗಿದ್ದರು. ಮದುವೆಯಲ್ಲಿ ಅವರಿಗೊಂದು ಕೊರತೆ ಕಾಣಬಾರದು ಎನ್ನುವುದೇ ಅಕ್ಕನ ಜಪವಾಗಿತ್ತು.

ಮುಹೂರ್ತ ಹತ್ತಿರ ಬಂದರೂ ಓಲಗದವರು ಬರಲಿಲ್ಲ. ಅವರ ವ್ಯಾನು ದಾರಿಯಲ್ಲಿ ಕೆಟ್ಟು ನಿಂತಿದೆಯೆಂದು ಫೋನ್ ಬಂತು. ಅಕ್ಕ ಅಳುವುದೊಂದು ಬಾಕಿ. "ಓಲಗ ಇಲ್ದೆ ತಾಳಿ ಕಟ್ಟಿಸಿದ್ರೆ ಬೀಗರು ಮಂಟಪದಿಂದ ಎದ್ದು ಹೋಗ್ತಾರೆ ಕಣೋ" ಎಂದಳು.

ನನಗೆಲ್ಲಿಂದ ಆ ಧೈರ್ಯ ಬಂತೋ. "ಮೊಬೈಲಲ್ಲಿ ಒಳ್ಳೇ ನಾದಸ್ವರ ಇದೆ, ಮೈಕಿಗೆ ಹಾಕಿದ್ರಾಯ್ತು" ಎಂದೆ.

ಭಾವನಿಗೆ ಅನುಮಾನ. "ನಡುವೆ ಏನಾದ್ರೂ ಜಾಹೀರಾತು ಗೀಹೀರಾತು ಬಂದೀತು ಮಾರಾಯ."

"ಪ್ರೀಮಿಯಂ ಕಟ್ಟಿದೀನಿ ಭಾವ" ಎಂದೆ. ಕಟ್ಟಿದ್ದು ಸುಳ್ಳಲ್ಲ. ಆದರೆ ನನ್ನ ಫೋನಿನಲ್ಲಿರುವುದು ಎರಡು ನಂಬರು, ಒಂದು ಮನೆಯದು, ಒಂದು ಗಿರಾಕಿಗಳದು. ಪ್ರೀಮಿಯಂ ಕಟ್ಟಿದ್ದು ಒಂದು ನಂಬರಿನ ಖಾತೆಗೆ, ಅವತ್ತು ಆ್ಯಪು ತೆರೆದುಕೊಂಡದ್ದು ಇನ್ನೊಂದರ ಖಾತೆಯಲ್ಲಿ. ಇದು ನನಗೆ ತಿಳಿದದ್ದು ಮದುವೆ ಮುಗಿದ ಮೇಲೆ.

ಅಂತರಪಟ ಸರಿಯಿತು. ಗಂಡು ತಾಳಿ ಕೈಗೆತ್ತಿಕೊಂಡ. ಜನ ಅಕ್ಷತೆ ಹಿಡಿದು ನಿಂತರು. ಪುರೋಹಿತರು ನನ್ನ ಕಡೆ ತಿರುಗಿ "ಗಟ್ಟಿಮೇಳ, ಗಟ್ಟಿಮೇಳ" ಎಂದು ಬೆರಳಾಡಿಸಿದರು. ನಾನು ಒತ್ತಿದೆ.

ಒಬ್ಬ ಗಂಡಸಿನ ಗಂಭೀರವಾದ ಧ್ವನಿ ಇಡೀ ಮಂಟಪವನ್ನು ತುಂಬಿತು.

"ನಾಳೆ ನೀವು ಇಲ್ಲದಿದ್ದರೆ ನಿಮ್ಮ ಹೆಂಡತಿಯ ಗತಿ ಏನು?"

ಗಂಡಿನ ಕೈ ಗಾಳಿಯಲ್ಲೇ ನಿಂತಿತು. ಮದುಮಗಳು ತಗ್ಗಿಸಿದ್ದ ತಲೆ ಎತ್ತಿ ಅವನನ್ನು ನೋಡಿದಳು. ಅಕ್ಕ ಕಣ್ಣು ಮುಚ್ಚಿಕೊಂಡಳು. ನಾನು ಸಿಕ್ಕ ಸಿಕ್ಕ ಕಡೆ ಒತ್ತುತ್ತಿದ್ದೇನೆ, ಅದು ನಿಲ್ಲುತ್ತಿಲ್ಲ.

"ಒಮ್ಮೆಯಾದರೂ ಯೋಚಿಸಿದ್ದೀರಾ? ತಡ ಮಾಡಬೇಡಿ. ಜೀವವಿಮೆಗಾಗಿ ಇಂದೇ ನಿಮ್ಮ ಸಮೀಪದ ಏಜೆಂಟರನ್ನು ಕಾಣಿರಿ."

ಮಂಟಪದಲ್ಲಿದ್ದವರೆಲ್ಲ ಒಟ್ಟಿಗೇ ನನ್ನ ಕಡೆ ತಿರುಗಿದರು. ಸಮೀಪದ ಏಜೆಂಟ್ ಮೈಕಿನ ಪಕ್ಕದಲ್ಲೇ ನಿಂತಿದ್ದ.

ಆಮೇಲೆ ನಾದಸ್ವರ ಬಂತು, ಕೊರಳಿಗೆ ತಾಳಿಯೂ ಬಿತ್ತು, ತಲೆಗೆ ಅಕ್ಷತೆಯೂ ಬಿತ್ತು. ಗಂಡಿನ ತಂದೆ ಎದ್ದರು. ಭಾವ ಅವರನ್ನು ತಡೆಯಲು ಎರಡೂ ಕೈ ಚಾಚಿದರು. ಅವರು ಭಾವನನ್ನು ದಾಟಿಕೊಂಡು ನೇರವಾಗಿ ನನ್ನ ಹತ್ತಿರ ಬಂದು, ಹೆಗಲ ಮೇಲೆ ಕೈ ಹಾಕಿ, ಯಾರಿಗೂ ಕೇಳದ ಹಾಗೆ ಹೇಳಿದರು:

"ಪಾಲಿಸಿ ಮಾಡ್ಸಾದು ಚಲೋ ಕೆಲ್ಸನೇ ಬಿಡ್ರಿ, ನಾನು ಬ್ಯಾಡ ಅನ್ನಾದಿಲ್ಲ. ಆದ್ರ ಹುಡುಗ ತಾಳಿ ಕಟ್ಟಾತನಕನಾದ್ರೂ ತಡಿಬಾರ್ದಿತ್ತೇನ್ರೀ?"