ಒಂಬತ್ತನೆಯ ನಿಯಮ

ಬಟ್ಟೆಯ ವಿಷಯದಲ್ಲಿ ನನ್ನ ಕಣ್ಣಿಗೆ ಯಾರೂ ಮಣ್ಣೆರಚಲಾರರು ಎಂದು ಅರವತ್ತೊಂದನೆಯ ವಯಸ್ಸಿನಲ್ಲಿ ನಾನು ಘೋಷಿಸಿದೆ. ಮೂವತ್ತನಾಲ್ಕು ವರ್ಷ ಹೆಣ್ಣುಮಕ್ಕಳ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿದವಳಿಗೆ ಒಂದು ಹಳೆಯ ಸೀರೆಯ ಯೋಗ್ಯತೆ ಅಳೆಯುವುದು ಯಾವ ಮಹಾ ಕೆಲಸ!

ಆದದ್ದು ಇಷ್ಟು. 1958ರಲ್ಲಿ ಮೈಲಾಪುರದ ನಮ್ಮ ಮಹಿಳಾ ಸಂಘ ಒಂದು ಅಂಗಡಿ ತೆರೆಯಿತು. ಸದಸ್ಯೆಯರು ತಾವು ಉಟ್ಟು ಬಿಟ್ಟ, ಆದರೆ ಇನ್ನೂ ಗಟ್ಟಿಯಾಗಿರುವ ಬಟ್ಟೆಗಳನ್ನು ಅಲ್ಲಿ ಮಾರಾಟಕ್ಕೆ ಇಡಬೇಕು. ಮಾರಿ ಬಂದದ್ದರಲ್ಲಿ ಅರ್ಧ ಬಟ್ಟೆಯವರಿಗೆ, ಅರ್ಧ ರಾಯಪುರಂನ ಒಂದು ಶಾಲೆಗೆ. ಮೊದಲ ವಾರ ಬಂದ ಗಂಟುಗಳನ್ನು ನೋಡಿದರೆ, ಮೈಲಾಪುರವೆಲ್ಲ ಇಷ್ಟು ವರ್ಷ ನೆಲ ಒರೆಸುವ ಬಟ್ಟೆ ಉಟ್ಟುಕೊಂಡೇ ಓಡಾಡಿದೆ ಎನಿಸಿತು! ಯಾವುದು ಮಾರಾಟಕ್ಕೆ ಯೋಗ್ಯ, ಯಾವುದು ಅಲ್ಲ ಎಂದು ತೀರ್ಮಾನಿಸಲು ಒಬ್ಬರು ಬೇಕಾಯಿತು. ಎಲ್ಲರೂ ನನ್ನ ಕಡೆ ನೋಡಿದರು. ನಾನೂ ಬೇರೆ ಯಾರ ಕಡೆಗೂ ನೋಡಲಿಲ್ಲ.

ಒಂಬತ್ತು ನಿಯಮ ಬರೆದು ಗೋಡೆಗೆ ಅಂಟಿಸಿದೆ. ಬೆವರಿನ ಕಲೆ ಇರಬಾರದು. ಗುಂಡಿ ಉದುರಿರಬಾರದು. ನುಸಿಗುಳಿಗೆಯ ವಾಸನೆ ಬಟ್ಟೆಗಿಂತ ಮೊದಲು ಬಂದು ನಮಸ್ಕಾರ ಹೇಳಬಾರದು. ಒಂಬತ್ತನೆಯದು ನನ್ನ ಹೆಮ್ಮೆಯ ಕೂಸು: ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಒಂದೇ ಒಂದು ಎಳೆ ಕಿತ್ತುಹೋಗಿರುವುದು ಕಂಡರೂ ವಾಪಸ್ಸು.

ಆ ನಿಯಮ ಕತ್ತಿಯಂತೆ ಕೆಲಸ ಮಾಡಿತು. ಹತ್ತರಲ್ಲಿ ಆರು ಬಟ್ಟೆಗಳಲ್ಲಿ ಒಂದು ಎಳೆ ಇರಲಿಲ್ಲ! ಜನ ಎಷ್ಟು ಅಜಾಗರೂಕರು ಎಂದುಕೊಂಡು ಚೀಟಿ ಬರೆದು ಬರೆದು ಹಿಂದಿರುಗಿಸಿದೆ. ಜಯಲಕ್ಷ್ಮಿಯ ಕಂಚಿ ಸೀರೆಯೂ ಹಿಂದಿರುಗಿತು. ಈ ಜಯಲಕ್ಷ್ಮಿ ನನ್ನ ಹಳೆಯ ವಿದ್ಯಾರ್ಥಿನಿ. ತರ್ಕದಲ್ಲಿ ಎರಡು ಸಲ ಫೇಲಾದವಳು.

"ಮೇಡಂ, ಒಂದೇ ಎಳೆ. ಅದು ಯಾಕೆ ಹೋಗಿದೆ ಅಂದರೆ..."

"ಕಾರಣ ಬೇಡ ಜಯಾ. ನಿಯಮ ನಿಯಮವೇ."

"ಸರಿ ಮೇಡಂ. ನಿಮ್ಮ ಮನೆ ಬಟ್ಟೆ ಯಾವಾಗ ಬರತ್ತೆ?"

"ಬರುವ ಶುಕ್ರವಾರ. ನೀನೇ ಪರೀಕ್ಷಿಸು. ಒಂದು ಎಳೆ ಕಮ್ಮಿ ಕಂಡರೂ ಈ ಕುರ್ಚಿ ನಿನ್ನದು!"

ಹದಿನೈದು ಹೆಂಗಸರ ಎದುರಿಗೆ ಹೇಳಿದ ಮಾತು. ಹಿಂದೆಗೆದುಕೊಳ್ಳುವಂತಿರಲಿಲ್ಲ.

ಮನೆಯಲ್ಲಿ ಬೀರು ತೆರೆದೆ. ನನ್ನ ಗಂಡ ಪಂಢರಿನಾಥರಾಯರು ರೈಲ್ವೆ ಕಚೇರಿಯಿಂದ ನಿವೃತ್ತರಾದವರು. ಜನ್ಮದಲ್ಲಿ ಒಂದೇ ಸಲ ಕಾಶಿಗೆ ಹೋದಾಗ ತೊಟ್ಟ ಉಣ್ಣೆಯ ಸ್ವೆಟರನ್ನು ಎದೆಗೆ ಅವಚಿಕೊಂಡು ನಿಂತರು.

"ಇದು ಬೇಡ ಗೋದಾ. ಚಳಿ ಬಂದರೆ?"

"ಮದರಾಸಿಗೆ ಇಪ್ಪತ್ತು ವರ್ಷದಿಂದ ಬಂದಿಲ್ಲ."

"ಇಷ್ಟು ದಿನ ಬಂದಿಲ್ಲ ಅಂದ ಮಾತ್ರಕ್ಕೆ ಮುಂದೂ ಬರೋಲ್ಲ ಅಂತ ಸಾಧಿಸೋಕಾಗೋಲ್ಲ. ನೀನೇ ಹೇಳಿಕೊಟ್ಟದ್ದು!"

ಸ್ವೆಟರು ಗಂಟಿಗೆ ಸೇರಿತು. ಅದರ ಮೇಲೆ ನನ್ನ ಬೂದು ಬಣ್ಣದ ಕೊರನಾಡು ಸೀರೆ. ಮೊತ್ತಮೊದಲ ದಿನ ಪಾಠ ಹೇಳಲು ಹೋದಾಗ ಉಟ್ಟದ್ದು. ನಲವತ್ತು ಹುಡುಗಿಯರ ಎದುರು ಇಡೀ ಒಂದು ಗಂಟೆ ಅದರ ಸೆರಗನ್ನು ಬೆರಳಿಗೆ ಸುತ್ತಿಕೊಂಡೇ ನಿಂತಿದ್ದೆ. ಆಮೇಲೆ ಉಟ್ಟದ್ದು ಕಮ್ಮಿ, ಮಡಿಸಿಟ್ಟದ್ದೇ ಹೆಚ್ಚು. ಕೊಡದಿರಲು ಅದೊಂದು ಕಾರಣವಲ್ಲ. ಬಟ್ಟೆ ಎಂದರೆ ಬಟ್ಟೆ. ಗಂಟಿನ ಇಪ್ಪತ್ತೊಂದು ಬಟ್ಟೆಗಳನ್ನೂ ಬೆಳಕಿಗೆ ಹಿಡಿದು ನೋಡಿದೆ. ನಿಷ್ಕಳಂಕ!

ನಮ್ಮ ಮನೆಯಲ್ಲೇ ಇದ್ದ ನನ್ನ ಗಂಡನ ಅಕ್ಕ ಅಮ್ಮಣ್ಣಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಶುಕ್ರವಾರದ ದಿವಸ ಮನೆಯಿಂದ ಬಟ್ಟೆ ಆಚೆ ಹೋಗೋದೇ? ಅದೂ ಇಷ್ಟೊಂದು?"

"ಬಟ್ಟೆಗೆ ವಾರ ಗೊತ್ತಾಗುವುದಿಲ್ಲ ಅಕ್ಕ."

"ನೀನು ಓದಿದೋಳು. ನಿನಗೆ ಹೇಳಿ ಫಲವೇನು? ಬಿಡು, ಗಂಟು ನೀ ಕಟ್ಟೋಕೆ ಹೋಗಬೇಡ, ಸಡಿಲ ಆಗತ್ತೆ. ನಾ ಕಟ್ಟಿಡ್ತೀನಿ."

ಸಹಾಯಕ್ಕೆ ಸಂತೋಷಪಟ್ಟೆ. ಮೂರ್ಖಳು!

ಶುಕ್ರವಾರ ಸಂಘದ ಹಾಲಿನಲ್ಲಿ ಜಯಲಕ್ಷ್ಮಿ ಮೊದಲನೆಯ ಪಂಚೆಯನ್ನು ಕಿಟಕಿಗೆ ಹಿಡಿದಳು. ಅಂಚಿನಿಂದ ನಾಲ್ಕು ಬೆರಳು ಒಳಗೆ, ಈ ತುದಿಯಿಂದ ಆ ತುದಿಗೆ, ಕೂದಲಿನಷ್ಟು ತೆಳ್ಳಗೆ ಬೆಳಕಿನ ಗೆರೆ. ಒಂದು ಎಳೆ ಇಲ್ಲ!

"ಮಗ್ಗದ ದೋಷ" ಎಂದೆ.

ಎರಡನೆಯದು ರೇಷ್ಮೆ ಸೀರೆ. ಅದೇ ಜಾಗ, ಅದೇ ಗೆರೆ.

"ಅಗಸನ ಕಲ್ಲು."

ಮೂರು, ನಾಲ್ಕು, ಐದು. ಕೊರನಾಡು ಸೀರೆಯಲ್ಲೂ ಗೆರೆ. ನುಸಿಯ ಹಲ್ಲಿನ ರಚನೆಯ ಬಗ್ಗೆ ನಾನು ಸಣ್ಣದೊಂದು ಉಪನ್ಯಾಸವನ್ನೇ ಆರಂಭಿಸಿದೆ.

"ಸ್ಕೇಲ್ ಹಿಡಿದು ಅಳೆದು ತಿನ್ನೋ ನುಸಿಯಾ ಮೇಡಂ?" ಎಂದಳು ಜಯಲಕ್ಷ್ಮಿ, ಬಹಳ ವಿನಯದಿಂದ.

ಕೊನೆಗೆ ಸ್ವೆಟರು. ಅವಳು ಎತ್ತಿದಳು. ಬಲತೋಳು ಎದ್ದು ಬರಲಿಲ್ಲ. ಮೇಜಿನ ಮೇಲೇ ಕುಳಿತಿತ್ತು! ವಿಮಲಾ ಎಂಬಾಕೆ ನೆರವಿಗೆಂದು ಜೋತುಬಿದ್ದ ಎಳೆಯೊಂದನ್ನು ಹಿಡಿದು ಜಗ್ಗಿದಳು. ಅದು ಬಂತು. ಬರುತ್ತಲೇ ಇತ್ತು. ಕಾಶಿಯಾತ್ರೆ ಕಂಡ ಸ್ವೆಟರು ಕುತ್ತಿಗೆಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ನೂಲಾಗಿ ನೆಲಕ್ಕಿಳಿಯಿತು. ಹದಿನೈದು ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಮೇಡಂ," ಎಂದಳು ಜಯಲಕ್ಷ್ಮಿ, "ನಿಮ್ಮ ಮನೇಲೂ ಒಬ್ಬರು ದೊಡ್ಡವರು ಇದ್ದಾರೆ, ಅಲ್ವಾ?"

ಆಗ ನನಗೆ ಪಾಠವಾಯಿತು. ಉಟ್ಟ ಬಟ್ಟೆ ಮನೆಯಿಂದಾಚೆ ಹೋಗುವಾಗ ಅದರ ಹಿಂದೆಯೇ ಲಕ್ಷ್ಮಿ ಹೊರಟುಹೋಗಬಾರದೆಂದು, ಒಂದು ಎಳೆ ಕಿತ್ತು ಮನೆಯಲ್ಲಿ ಇಟ್ಟುಕೊಳ್ಳುವ ಪದ್ಧತಿ ಇದೆಯಂತೆ. ಜಯಲಕ್ಷ್ಮಿಯ ಸೀರೆಯಿಂದ ಅವಳ ಅತ್ತೆ ಕಿತ್ತಿದ್ದರು. ವಿಮಲಾ ತನ್ನದನ್ನು ತಾನೇ ಕಿತ್ತಿದ್ದಳು. ನಾನು ಅಜಾಗರೂಕತೆ ಎಂದು ಚೀಟಿ ಬರೆದದ್ದೆಲ್ಲ ಅವರವರ ಮನೆಯ ಜಾಗರೂಕತೆ. ಅಲ್ಲಿದ್ದವರಲ್ಲಿ ಅದು ಗೊತ್ತಿಲ್ಲದವಳು ನಾನೊಬ್ಬಳೇ. ನನ್ನ ತಾಯಿ ಹೇಳುವ ಕಾಲಕ್ಕೆ ನಾನು ಯಾವುದೋ ಪರೀಕ್ಷೆಗೆ ಓದುತ್ತಿದ್ದಿರಬೇಕು.

"ಮೊದಲೇ ಯಾಕೆ ಹೇಳಲಿಲ್ಲ?" ಎಂದು ಗದರಿದೆ.

"ಕಾರಣ ಬೇಡ ಅಂದಿರಲ್ಲ ಮೇಡಂ!"

ಎದ್ದು ಕುರ್ಚಿ ಬಿಟ್ಟುಕೊಟ್ಟೆ.

ಮನೆಗೆ ಬಂದವಳೇ ಅಮ್ಮಣ್ಣಿಯ ಮುಂದೆ ಗಂಟು ಇಳಿಸಿದೆ.

"ಅಕ್ಕ, ಕಿತ್ತದ್ದು ಕಿತ್ತಿರಿ. ತುದಿಯಲ್ಲಿ ಒಂದು ಚೂರು ಕಿತ್ತರೆ ಸಾಲದೇ? ಈ ಕೊನೆಯಿಂದ ಆ ಕೊನೆವರೆಗೂ ಯಾಕೆ?"

"ಶುಕ್ರವಾರ ಬೇರೆ. ಚೂರು ತೋರಿಸಿ ಲಕ್ಷ್ಮೀನ ಏಮಾರ್ಸೋದೇ?"

"ಸ್ವೆಟರು?"

"ಅಯ್ಯೋ, ಅದೊಂದು ಎಳೆದಷ್ಟೂ ಬಂತು. ನಿನಗೆ ಗೊತ್ತಾದರೆ ಬೈತೀಯ ಅಂತ ಅಲ್ಲಿಗೇ ಕತ್ತರಿಸಿಬಿಟ್ಟೆ."

ಗಂಡ ಕುತ್ತಿಗೆಪಟ್ಟಿಯನ್ನು ಎತ್ತಿ ನೋಡಿದರು. "ಇರಲಿ ಗೋದಾ. ಮದರಾಸಿನ ಚಳಿಗೆ ಇಷ್ಟು ಸಾಕು."

ಅಮ್ಮಣ್ಣಿ ಒಂದು ಬಿಸ್ಕತ್ತಿನ ಡಬ್ಬಿ ತಂದು ಮುಚ್ಚಳ ತೆಗೆದರು. ಒಳಗೆ ಬಣ್ಣಬಣ್ಣದ ನೂಲಿನ ಸಣ್ಣ ಸಣ್ಣ ಸಿಂಬಿಗಳು. ನಾನು ಈ ಮನೆಗೆ ಬಂದಂದಿನಿಂದ ಆಚೆಗೆ ಹೋದ ಪ್ರತಿಯೊಂದು ಬಟ್ಟೆಯದೂ ಒಂದೊಂದು ಎಳೆ. ಹಸಿರು, ನನ್ನ ಅತ್ತೆಯ ಮಡಿ ಪಟ್ಟೆಯದು. ಹಳದಿ, ಮಗ ತಿರುಮಲನ ಮೊದಲ ಅಂಗಿಯದು. ಸೌಕಾರ್‌ಪೇಟೆಯಲ್ಲಿ ಜರಿ ಸುಟ್ಟು ಬೆಳ್ಳಿ ತೆಗೆಸಲು ನಾನು ಕೊಟ್ಟುಬಿಟ್ಟ ಧಾರೆ ಸೀರೆಯದೂ ಇತ್ತು. ಆ ಬೆಳ್ಳಿಯಲ್ಲಿ ಏನು ಮಾಡಿಸಿದೆನೋ ನೆನಪಿಲ್ಲ. ಸೀರೆಯ ಬಣ್ಣ ಮಾತ್ರ ನೋಡಿದ ಕೂಡಲೇ ಗೊತ್ತಾಯಿತು. ಆ ಸಿಂಬಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಇದಕ್ಕೆ ತರ್ಕದಲ್ಲಿ ಜಾಗವಿರಲಿಲ್ಲ.

ಹೊಸ ಪರೀಕ್ಷಕಿ ಜಯಲಕ್ಷ್ಮಿ ಒಂಬತ್ತನೆಯ ನಿಯಮ ತಿದ್ದಿದಳು: ಒಂದು ಎಳೆ ಹೋಗಿದ್ದರೆ ಮಾಫಿ, ಎರಡು ಹೋಗಿದ್ದರೆ ವಾಪಸ್ಸು. ಬುಧವಾರ ನನ್ನ ಇಪ್ಪತ್ತು ಬಟ್ಟೆಗಳು ಮತ್ತೆ ಸಂಘಕ್ಕೆ ಹೋದವು. ಗುರುವಾರ ಹತ್ತೊಂಬತ್ತು ಅಂಗೀಕಾರವಾಗಿ, ಒಂದು ಮಾತ್ರ ಚೀಟಿಯೊಂದಿಗೆ ಮನೆಗೆ ಬಂತು: "ಬೂದು ಕೊರನಾಡು. ಎರಡು ಎಳೆ. ಕಾರಣ ಬೇಡ."

ಗಂಡ ಚೀಟಿ ಓದಿದರು. "ಏನಕ್ಕ, ಇದರಲ್ಲಿ ಎರಡು ಕಿತ್ತೆಯಾ?"

"ನಾನಾ? ನಾ ಕೀಳೋದು ಒಂದೇ. ನನಗೆ ಲೆಕ್ಕ ಗೊತ್ತಿಲ್ವೇ?"

ನಾನು ದಿನಪತ್ರಿಕೆಯನ್ನು ಮುಖದ ಮಟ್ಟಕ್ಕೆ ಏರಿಸಿದೆ. ಡಬ್ಬಿ ತೆರೆದ ಸದ್ದಾಯಿತು. ಪತ್ರಿಕೆಯ ಅಂಚಿನಿಂದ ಅಮ್ಮಣ್ಣಿಯ ಕೈ ಒಳಗೆ ಬಂತು.

"ಆ ಎಳೆ ಕೊಡು ಗೋದಾ, ಇದರಲ್ಲೇ ಹಾಕಿಡ್ತೀನಿ. ನಿನ್ನ ತರ್ಕದ ಪುಸ್ತಕದೊಳಗೆ ಹುಳ ಜಾಸ್ತಿ."