ಧೂಳು ಹಿಡಿಯುವ ಉಪ್ಪು ಮತ್ತು ಒಂದು ನೀಲಿ ಟಾರ್ಪಾಲು

ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಉಪ್ಪು ಗಾಳಿಯ ತೇವವನ್ನು ಹೀರಿಕೊಂಡು ಮಣ್ಣಿನ ರಸ್ತೆಯ ಧೂಳು ಏಳದಂತೆ ಹಿಡಿದಿಡುತ್ತದೆ. ಮಂಜುಗಡ್ಡೆ ಕರಗಿಸಲು, ಕಾಂಕ್ರೀಟು ಬೇಗ ಗಟ್ಟಿಯಾಗಲು ಕೂಡ ಇದನ್ನೇ ಬಳಸುತ್ತಾರೆ. ಇಷ್ಟೆಲ್ಲ ದುಡಿಯುವ ಉಪ್ಪಿಗೆ ನಮ್ಮ ನಗರಸಭೆಯಲ್ಲಿ ಪ್ರತ್ಯೇಕ ವಿಭಾಗವೇ ಇದೆ. ಅದರ ಗುಮಾಸ್ತ ನಾನು.

ತನ್ನ ಅಂಗಡಿಯ ಮುಂದಿನ ಮಣ್ಣಿನ ರಸ್ತೆಗೆ ಈ ಉಪ್ಪು ಹಾಕಿಸಿ ಎಂದು ಇಸ್ತ್ರಿಯವನು ಅರ್ಜಿ ಕೊಟ್ಟದ್ದು ಸುಡುಬೇಸಿಗೆಯಲ್ಲಿ. ಅವನ ಅಂಗಡಿಯೆಂದರೆ ನಾಲ್ಕು ಗಳ, ಒಂದು ಮೇಜು, ಮೇಲೊಂದು ನೀಲಿ ಟಾರ್ಪಾಲು. ಮುಂದೆ ಲಾರಿ ಹೋದರೆ ಸಾಕು, ಧೂಳೆದ್ದು ಬಿಳಿ ಅಂಗಿ ಕೆಂಪಾಗುತ್ತಿತ್ತು. ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಿದ್ದರು. "ಹೀಗೇ ಆದ್ರೆ ನಮ್ಮ ಒಲೆ ಉರಿದ ಹಾಗೇ" ಎಂದು ಅವನ ಹೆಂಡತಿ ಕುಟುಕುತ್ತಿದ್ದಳು.

ಅರ್ಜಿ ಎಲ್ಲ ಮೇಜುಗಳ ಮೇಲೂ ವಿಶ್ರಮಿಸಿ ಮಂಜೂರಾಗುವಷ್ಟರಲ್ಲಿ ಮಳೆಗಾಲ ಬಂತು. ಉಪ್ಪು ಪೂರೈಸಿದವರು ಎಂಜಿನಿಯರ್ ಸಾಹೇಬರ ಭಾವಮೈದ. ಆದ್ದರಿಂದ ಗುಣಮಟ್ಟ ಪರೀಕ್ಷಿಸುವ ಅಗತ್ಯ ಬೀಳಲಿಲ್ಲ.

"ಸಾರ್, ಈಗ ಬರೀ ಕೆಸರು. ಧೂಳೇ ಇಲ್ವಲ್ಲ" ಎಂದ ಇಸ್ತ್ರಿಯವನು.

"ನೋಡಿದ್ಯಾ? ಮೂಟೆ ಬಿಚ್ಚೋಕೆ ಮುಂಚೆನೇ ಕೆಲಸ ಶುರುಮಾಡಿದೆ!" ಎಂದರು ಸಾಹೇಬರು.

ಚೆಲ್ಲಿದ ಉಪ್ಪು ಚರಂಡಿಯ ದಾರಿ ಹಿಡಿದಾಗ ಪ್ರಕಟಣೆ ಹೊರಟಿತು: "ಸಾರ್ವಜನಿಕ ಉಪ್ಪು ಮಳೆಯಲ್ಲಿ ಕರಗುವುದನ್ನು ನಿಷೇಧಿಸಲಾಗಿದೆ. ಧೂಳಿನ ಬಗ್ಗೆ ದೂರಿದವರೇ ಅದರ ರಕ್ಷಣೆಗೆ ಹೊಣೆ." ನಾನೇ ಹೋಗಿ ಟಾರ್ಪಾಲು ಬಿಚ್ಚಿಸಿ ರಸ್ತೆಗೆ ಹೊದಿಸಿದೆ.

"ಅಯ್ಯೋ ಸ್ವಾಮಿ, ಅದು ನನ್ನ ಸೂರು!"

"ನಿನಗೋಸ್ಕರ ತಾನೇ ಇಷ್ಟೆಲ್ಲ ಒದ್ದಾಡ್ತಿರೋದು? ಸ್ವಲ್ಪ ಸಹಕರಿಸಪ್ಪ."

ಮಳೆಗೆ ಇಸ್ತ್ರಿಪೆಟ್ಟಿಯ ಕೆಂಡ ಆರುತ್ತಿತ್ತು. ಅವನು ಊದುತ್ತಿದ್ದ, ಅದು ಮತ್ತೆ ಆರುತ್ತಿತ್ತು. ನೋಡಿ ನನಗೂ ಸಂಕಟವಾಯಿತು, ಆದರೆ ಅದು ನಮ್ಮ ವಿಭಾಗಕ್ಕೆ ಬರುವುದಿಲ್ಲ.

ಮತ್ತೆ ಬೇಸಿಗೆ ಬಂತು. ಟಾರ್ಪಾಲು ತುಳಿಯಬಾರದೆಂದು ಲಾರಿಗಳನ್ನು ಅಂಗಡಿಯ ಹಿಂದಿನ ಓಣಿಗೆ ತಿರುಗಿಸಿದ್ದೆವು. ಸಾಹೇಬರು ಟಾರ್ಪಾಲಿನ ಮೂಲೆ ಎತ್ತಿ ನೋಡಿದರು. ಒಂದು ಹರಳೂ ಇರಲಿಲ್ಲ. "ಪೂರ್ತಿ ಇಂಗಿದೆ. ಧೂಳು ಸೊನ್ನೆ" ಎಂದರು. ನಮಗೆಲ್ಲ ಹೆಮ್ಮೆಯಾಯಿತು.

"ಈಗ ಹಿಂದ್ಗಡೆಯಿಂದ ಬರ್ತಿದೆ ಸಾರ್" ಎಂದ ಇಸ್ತ್ರಿಯವನು, ಕೆಂಪು ಅಂಗಿಯೊಂದನ್ನು ಕೊಡವುತ್ತ.

"ಅಲ್ಲಿಗೂ ಉಪ್ಪು ಹಾಕಿಸೋಣ. ಇನ್ನೊಂದು ಟಾರ್ಪಾಲು ತಂದಿಡು."

ಅವನು ಇಸ್ತ್ರಿಪೆಟ್ಟಿ ಮಾರಿ ಟಾರ್ಪಾಲು ತಂದ. ಅಂದಿನಿಂದ ಅವನ ಬಟ್ಟೆಗಳ ಮೇಲೆ ಧೂಳು ಕೂತ ಬಗ್ಗೆ ಒಂದು ದೂರೂ ಬಂದಿಲ್ಲ.