ಮೈಲಾರಪ್ಪನ ಮಂದಿ

ಕಾನಹೊಸಹಳ್ಳಿಯ ಆಚೆ, ಕಲ್ಲುಗುಡ್ಡದ ಬುಡದಲ್ಲಿರುವ ಬೈಬಲ್ ಕಾಲೇಜಿಗೆ ನಾನು ಸಭಾಪಾಲನೆಯ ಅಧ್ಯಾಪಕನಾಗಿ ಹಾಜರಾದ ಸಂಗತಿಯನ್ನು ಓದುಗರ ಅವಗಾಹನೆಗೆ ಈ ಮೂಲಕ ವಿನಯಪೂರ್ವಕವಾಗಿ ತರಬಯಸುತ್ತೇನೆ. ಮಂಗಳೂರಿನಿಂದ ನನ್ನ ಸಂಗಡ ಬಂದವರು ಹೆಂಡತಿ ಗ್ರೇಸಿ ಮತ್ತು ಒದ್ದೆ ಗೋಣಿಯಲ್ಲಿ ಸುತ್ತಿದ್ದ ಒಂದು ಬಸಳೆ ಬಳ್ಳಿ. ನಮಗೆ ಮಂಜೂರಾದ ಮನೆಯ ತಗಡಿನ ಮೇಲೆ ಕೋತಿಗಳು ಮೊದಲೇ ವಾಸವಾಗಿದ್ದವು. ನಲ್ಲಿಯಲ್ಲಿ ನೀರಿಗಿಂತ ಗಾಳಿ ಹೆಚ್ಚು. ಬಸಳೆ ಎರಡೇ ದಿನದಲ್ಲಿ ಮುಖ ಬಾಡಿಸಿಕೊಂಡಿತು. ಆದರೂ ನಾನು ಧೃತಿಗೆಡಲಿಲ್ಲ. ಕನ್ನಡ ಬಲ್ಲವನಿಗೆ ಕರ್ನಾಟಕದಲ್ಲಿ ಕಷ್ಟವೇನು!

ಪ್ರಿನ್ಸಿಪಾಲರು ಕರೆದು ಹೇಳಿದರು: "ನೋಡ್ರಿ ಸಾರ್, ವರ್ಷಾ ವರ್ಷಾ ನೆರೆಹೊರೆಯವರ ಕೂಟ ಮಾಡ್ತೀವಿ. ನಾವ ಮಾತಾಡ್ತೀವಿ, ನಾವ ಚಪ್ಪಾಳಿ ಹೊಡಿತೀವಿ. ಈ ಸಲ ಹೊರಗಿನ ಮಂದಿ ಬಂದು ಕುರ್ಚಿ ತುಂಬಬೇಕು. ನಿಮ್ಮ ಕೆಲಸ ಕಾಯಂ ಮಾಡೋ ಮಾತು ಆಮ್ಯಾಲೆ."

ಸದರಿ ಆದೇಶವನ್ನು ಶಿರಸಾವಹಿಸಿ ಚಹಾ ಅಂಗಡಿಗೆ ಹೋದೆ. ಅಲ್ಲಿ ಹೆಗಲ ಮೇಲೆ ಕರಿ ಕಂಬಳಿ ಹೊತ್ತ ಒಬ್ಬರು ಗಂಭೀರವಾಗಿ ಕುಳಿತಿದ್ದರು. ಹೆಸರು ಮೈಲಾರಪ್ಪ. ಕಂಬಳಿಯ ಗಾಂಭೀರ್ಯ ನೋಡಿ, ಇವರು ಊರಿನ ಹಿರಿಯರೇ ಎಂದು ತೀರ್ಮಾನಿಸಿದೆ. ನಾನು ಬಾಯಿ ತೆರೆಯುವ ಮೊದಲೇ ಅವರೇ ಕೇಳಿದರು.

"ನಿಮ್ಮ ಕಾಲೇಜಿನ್ಯಾಗ ಜಾಗ ಭಾಳ ಐತಲ್ರಿ ಸಾರ್. ನಮ್ಮ ಮಂದಿ ತಂದು ಒಂದ್ ರಾತ್ರಿ ಕೂಡ್ರಸ್ಲೇನು?"

ರಾತ್ರಿಯಿಡೀ ಕೂರುವ ಸಭಿಕರು! ನನ್ನ ಕಣ್ಣು ತುಂಬಿ ಬಂತು.

"ಅಗತ್ಯವಾಗಿ! ಎಷ್ಟು ಮಂದಿ?"

"ಇನ್ನೂರ್ ಅದಾವ್ರಿ. ಮರಿ ಬ್ಯಾರೆ."

ಮಕ್ಕಳನ್ನು ಎಷ್ಟು ಅಕ್ಕರೆಯಿಂದ ಕರೆಯುತ್ತಾರೆ!

"ಊಟದ ವ್ಯವಸ್ಥೆ?"

"ಹೊಟ್ಟಿ ತುಂಬಿಸ್ಕೊಂಡ ಬರ್ತಾವ್ರಿ. ನೀರಿದ್ರ ಸಾಕು. ಅವು ಒಂದ್ ರಾತ್ರಿ ಕುಂತ್ರ ನಿಮ್ಮ ನೆಲಾನ ಬದಲಾಗ್ತೈತಿ, ನೋಡ್ರಿ!"

ಇಷ್ಟು ಆಳವಾದ ಮಾತನ್ನು ನಾನು ತರಗತಿಯಲ್ಲೂ ಆಡಿರಲಿಲ್ಲ.

ಕೂಟದ ಸಂಜೆ ಶಾಮಿಯಾನದ ಕೆಳಗೆ ಕುರ್ಚಿಗಳನ್ನು ಹಾಕಿಸಿ, ಬುಟ್ಟಿಗಳಲ್ಲಿ ಮಂಡಕ್ಕಿ ತುಂಬಿಸಿ, ಸ್ವಾಗತ ಭಾಷಣವನ್ನು ಕೈಯಲ್ಲಿ ಹಿಡಿದು ಗೇಟಿನ ಬಳಿ ನಿಂತೆ. ದೂರದಲ್ಲಿ ಧೂಳೆದ್ದಿತು. ಧೂಳಿನೊಳಗಿಂದ ಮೊದಲು ಕೊಂಬು ಬಂತು.

ಕುರಿಗಳು!

ಅವು ಸ್ವಾಗತಕ್ಕೆ ಕಾಯಲಿಲ್ಲ. ಕುರ್ಚಿಗಳನ್ನು ಉರುಳಿಸಿ ಮಂಡಕ್ಕಿಗೆ ಮುಖವಿಟ್ಟವು. ಒಂದು ಟಗರು ನನ್ನ ಭಾಷಣವನ್ನು, ಪೂಜ್ಯರೇ ಎಂಬಲ್ಲಿಂದ ವಂದನೆಗಳವರೆಗೆ, ಸಾವಕಾಶವಾಗಿ ಜಗಿಯಿತು.

"ಸಾರ್, ಮೊದಲ ಬಲಿ ಹಾಕಿಬಿಡ್ತೀನ್ರಿ," ಎಂದರು ಮೈಲಾರಪ್ಪ. "ಇಲ್ಲಾಂದ್ರ ತೋಳ ಬರ್ತಾವು."

ಬಲಿ! ನಾನು ಹತ್ತಿರದ ಮರಿಯೊಂದನ್ನು ಅವುಚಿಕೊಂಡು ಕೂಗಿದೆ: "ನಿಲ್ಲಿ! ಈ ಆವರಣದಲ್ಲಿ ಬಲಿಗೆ ಅನುಮತಿ ಇರುವುದಿಲ್ಲ!"

"ಬಲಿ ಇಲ್ದ ಹೆಂಗ ನಿಲ್ತಾವ್ರಿ?" ಎನ್ನುತ್ತ ಅವರು ಚೀಲದಿಂದ ಉದ್ದನೆಯ ನೈಲಾನ್ ಬಲೆಯನ್ನು ಎಳೆದು, ಗೂಟಕ್ಕೆ ಕಟ್ಟತೊಡಗಿದರು.

ಗ್ರೇಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬಲೆ ಮಾರಾಯ್ರೆ, ಬಲೆ! ಮೀನಿನ ಊರಲ್ಲಿ ಹುಟ್ಟಿ ನಿಮಗೆ ಬಲೆ ಗೊತ್ತಾಗ್ಲಿಲ್ವಾ? ಇಲ್ಲಿ ಮನೆ ಅಂದ್ರೆ ಮನಿ, ಬಲೆ ಅಂದ್ರೆ ಬಲಿ, ಮಂದೆ ಅಂದ್ರೆ ಮಂದಿ!"

ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದರು. ಬಲೆಯೊಳಗೆ ಕುಳಿತ ಸಭಿಕರನ್ನು ಬಹಳ ಹೊತ್ತು ನೋಡಿದರು. "ಮಂದಿ ತರ್ರಿ ಅಂದ್ರ ಮಂದೀನ ತಂದ್ರಲ್ರೀ! ಮುಂದಿನ ಐತಾರ ಇನ್ನೊಮ್ಮಿ ಕೂಟ ಮಾಡ್ರಿ. ಅದ ಕಡೀದು."

ಮುಂಜಾನೆ ಹೊರಡುವಾಗ ಮೈಲಾರಪ್ಪ ಸಂಕೋಚದಿಂದ ಹೇಳಿದರು: "ಮಂಡಕ್ಕಿ ಎಲ್ಲಾ ತಿಂದಬಿಟ್ಟಾವ್ರಿ. ನೀವೇನ್ ಚಿಂತಿ ಮಾಡಬ್ಯಾಡ್ರಿ, ಐತಾರಕ್ಕ ನಮ್ಮ ಮಂದಿ ಕರ್ಕೊಂಡು ಬರ್ತೀನಿ."

ಈ ಸಲ ನಾನು ಮೋಸಹೋಗಲಿಲ್ಲ. ಅವರ ಪ್ರೀತಿಗೆ ಇಲ್ಲವೆನ್ನಲಾಗದೆ, ಸಕಲ ಮುನ್ನೆಚ್ಚರಿಕೆಗಳನ್ನು ಕೈಗೊಂಡೆ. ಕುರ್ಚಿಗಳನ್ನು ಕೋಣೆಯಲ್ಲಿಟ್ಟು ಬೀಗ ಹಾಕಿಸಿದೆ. ಬಾನಿಗಳಿಗೆ ನೀರು ತುಂಬಿಸಿದೆ. ಮೇವಿಗೆಂದು ಮೆಕ್ಕೆಜೋಳದ ಸೊಪ್ಪೆಯನ್ನು ಅಂಗಳದುದ್ದಕ್ಕೂ ಹರಡಿಸಿದೆ. ಉದ್ದನೆಯ ಕೋಲು ಹಿಡಿದು, ಟಗರುಗಳನ್ನು ಎದುರಿಸಲು ಸನ್ನದ್ಧನಾಗಿ ಗೇಟಿನಲ್ಲಿ ನಿಂತೆ.

ಬಂದದ್ದು ಟ್ರ್ಯಾಕ್ಟರುಗಳು. ಒಂದರ ಹಿಂದೊಂದು. ತುಂಬಾ ಜನ! ಇಳಕಲ್ ಸೀರೆ, ಮುಡಿಗೆ ಹೂವು, ಇಸ್ತ್ರಿ ಅಂಗಿ. ಮೈಲಾರಪ್ಪನವರ ಬೀಗರು, ಬಿಜ್ಜರು, ಇಡೀ ಹಟ್ಟಿಯೇ ಇಳಿಯಿತು. ಅವರ ತಾಯಿ ಸೊಪ್ಪೆಯನ್ನು ನೋಡಿ, ಬಾನಿಯನ್ನು ನೋಡಿ, ನನ್ನ ಕೋಲನ್ನು ನೋಡಿ ಕೇಳಿದರು:

"ಯಪ್ಪಾ, ನಮಗ ಸೊಪ್ಪಿ ಹಾಕೀಯೇನು?"

ನೆರೆದವರ ನಗು ಕಲ್ಲುಗುಡ್ಡಕ್ಕೆ ಬಡಿದು ವಾಪಸು ಬಂತು. "ಈಗಾದ್ರೂ ಕುರ್ಚಿ ತೆಗೀರಿ ಮಾರಾಯ್ರೆ!" ಎಂದು ಗ್ರೇಸಿ ಬೀಗದ ಕೈ ಎಸೆದಳು. ಕುರ್ಚಿಗಳು ಸಾಲದೆ, ಪ್ರಿನ್ಸಿಪಾಲರೇ ನೆಲದ ಮೇಲೆ ಕುಳಿತರು. ಕುಳಿತಲ್ಲಿಂದಲೇ ನನ್ನ ಕೆಲಸ ಕಾಯಂ ಎಂದು ಘೋಷಿಸಿದರು. ಚಪ್ಪಾಳೆಯೋ ಚಪ್ಪಾಳೆ! ಅಂದ ಹಾಗೆ, ಗೊಬ್ಬರ ಬಿದ್ದ ನೆಲದಲ್ಲಿ ಬಸಳೆಯೂ ಎರಡು ಎಲೆ ಬಿಟ್ಟಿತ್ತು.

ಕೊನೆಯದಾಗಿ ನಿವೇದಿಸಿಕೊಳ್ಳುವುದೇನೆಂದರೆ, ಸದರಿ ಕೂಟದಲ್ಲಿ ಕುರಿ ಎನ್ನಬಹುದಾದ ಪ್ರಾಣಿ ಒಂದೇ ಒಂದು ಇತ್ತು. ಅದು ಮೈಕಿನ ಮುಂದೆ ನಿಂತು ವಂದನಾರ್ಪಣೆ ಮಾಡುತ್ತಿತ್ತು.